ಕೆಂಗಲ್ ಹನುಮಂತಯ್ಯನವರ ಹೆಸರಿನಲ್ಲಿ ಕಾನೂನು ವಾಚನಾಲಯ: ದೇಣಿಗೆಗಾಗಿ ಮನವಿ

ಮಾನ್ಯರೇ,

ನಮ್ಮ ಶಾಲೆಯಲ್ಲಿ ಓದಿದ ಹುಡುಗಿಯೊಬ್ಬಳು ಈಗ ಕಾನೂನು ಪದವಿಯ ಎರಡನೆಯ ವರ್ಷದಲ್ಲಿದ್ದಾಳೆ. ಕಳೆದ ಬೇಸಿಗೆ ರಜೆಯಲ್ಲಿ ಅವಳು ಶಾಲೆಯ ಜಗಲಿಯಲ್ಲಿ ಕುಳಿತು, ಗೆಳತಿಯಿಂದ ನಾಲ್ಕು ದಿನಕ್ಕೆಂದು ಕೇಳಿ ತಂದ ಪುಸ್ತಕವನ್ನು ನೋಟ್‌ಬುಕ್ಕಿಗೆ ಇಳಿಸಿಕೊಳ್ಳುತ್ತಿದ್ದಳು. ಎಡಪುಟದಲ್ಲಿ ಇಂಗ್ಲಿಷಿನ ಕಲಮು, ಬಲಪುಟದಲ್ಲಿ ತಾನೇ ಮಾಡಿಕೊಂಡ ಕನ್ನಡ. ಅಲ್ಲಲ್ಲಿ ಬಲಪುಟ ಖಾಲಿ. ಅರ್ಥವಾಗಿರಲಿಲ್ಲ, ಕೇಳೋಣವೆಂದರೆ ಊರಿನಲ್ಲಿ ಯಾರೂ ಇರಲಿಲ್ಲ. ಆ ಖಾಲಿ ಪುಟಗಳನ್ನು ಕಂಡ ಮೇಲೆ ನಮ್ಮ ಟ್ರಸ್ಟ್ ಈ ವಾಚನಾಲಯದ ಕೆಲಸಕ್ಕೆ ಕೈಹಾಕಿದೆ.

ರಾಮನಗರ ಸೀಮೆಯವರಾದ ನಾವು ಹೆಸರಿಗಾಗಿ ಹುಡುಕಾಡಬೇಕಾಗಲಿಲ್ಲ. 1908ರಲ್ಲಿ ಇಲ್ಲಿನ ಲಕ್ಕಪ್ಪನಹಳ್ಳಿಯ ರೈತ ಕುಟುಂಬದಲ್ಲಿ ಹುಟ್ಟಿದ ಹನುಮಂತಯ್ಯನವರು ಮೈಸೂರಿನ ಮಹಾರಾಜ ಕಾಲೇಜಿನಲ್ಲಿ ಓದಿ, ಪುಣೆಗೆ ಹೋಗಿ ಕಾನೂನು ಕಲಿತು, ಬೆಂಗಳೂರಿನಲ್ಲಿ ವಕೀಲಿ ಹಿಡಿದರು. ಸ್ವಾತಂತ್ರ್ಯ ಚಳವಳಿ ಕರೆದಾಗ ಸೆರೆಮನೆಗೂ ಹೋದರು. ಮುಂದೆ ಸಂವಿಧಾನ ರಚನಾ ಸಭೆಯ ಸದಸ್ಯರಾದರು. ಅಲ್ಲಿ, 1949ರ ನವೆಂಬರಿನಲ್ಲಿ, ಸಿದ್ಧವಾದ ಸಂವಿಧಾನ ಪರದೇಶಿ ಮಾದರಿಯದಾಯಿತೆಂಬ ಬೇಸರದಿಂದ ಅವರು ಆಡಿದ ಮಾತೊಂದನ್ನು ನಾವು ಮಕ್ಕಳಿಗೆ ಮತ್ತೆ ಮತ್ತೆ ಹೇಳುತ್ತೇವೆ: ನಮಗೆ ಬೇಕಾಗಿದ್ದುದು ವೀಣೆಯ, ಸಿತಾರಿನ ನಾದ, ಕೇಳುತ್ತಿರುವುದು ಇಂಗ್ಲಿಷ್ ಬ್ಯಾಂಡಿನ ಸದ್ದು. ಸಂವಿಧಾನವನ್ನು ಬರೆದವರ ಎದುರಿನಲ್ಲಿಯೇ ಹಾಗೆ ಹೇಳಿದ ಧೈರ್ಯ ದೊಡ್ಡದು. ಒಪ್ಪುವುದು ಬಿಡುವುದು ಬೇರೆ ಮಾತು. ಆದರೆ ಹಳ್ಳಿಯ ಹುಡುಗಿಯ ಖಾಲಿ ಬಲಪುಟವನ್ನು ನೋಡಿದವರಿಗೆ ಆ ಮಾತು ಇಂದಿಗೂ ಚುಚ್ಚುತ್ತದೆ.

ಮುಖ್ಯಮಂತ್ರಿಯಾಗಿ ಅವರು ಎಬ್ಬಿಸಿದ ವಿಧಾನಸೌಧವನ್ನು ಎಲ್ಲರೂ ಬಲ್ಲರು. ‘ಸರ್ಕಾರದ ಕೆಲಸ ದೇವರ ಕೆಲಸ’ ಎಂಬ ಸಾಲನ್ನು ಅದರ ಕಲ್ಲಿನ ಮೇಲೆ ಓದದವರು ಕಡಿಮೆ. ನಮಗೆ ಅದಕ್ಕಿಂತ ದೊಡ್ಡದಾಗಿ ಕಾಣುವುದು ಏಕೀಕರಣದ ಕಾಲದ ಅವರ ನಿಲುವು. ಹಳೆಯ ಮೈಸೂರಿನ ಅನೇಕ ನಾಯಕರು, ಅವರಿಗೆ ಹತ್ತಿರದವರೇ, ಬೇಡವೆನ್ನುತ್ತಿದ್ದಾಗ ಅವರು ಕನ್ನಡ ನಾಡು ಒಂದಾಗಲಿ ಎಂದು ವಾದಿಸಿದರು. 1956ರ ಆಗಸ್ಟಿನಲ್ಲಿ ಕುರ್ಚಿ ಹೋಯಿತು. ನವೆಂಬರ್ 1ರಂದು ನಾಡು ಒಂದಾದಾಗ ಅವರು ಮುಖ್ಯಮಂತ್ರಿಯಾಗಿರಲಿಲ್ಲ. ಆಮೇಲೂ ಜನ ಅವರನ್ನು ಕೈಬಿಡಲಿಲ್ಲ. 1962ರಿಂದ 1977ರವರೆಗೆ ಬೆಂಗಳೂರಿನಿಂದ ಲೋಕಸಭೆಯಲ್ಲಿದ್ದರು, ಕೇಂದ್ರದ ಆಡಳಿತ ಸುಧಾರಣಾ ಆಯೋಗದ ಅಧ್ಯಕ್ಷತೆ ವಹಿಸಿದರು, ರೈಲ್ವೆ ಸಚಿವರೂ ಆದರು. 1980ರಲ್ಲಿ ತೀರಿಕೊಂಡರು.

ಶಾಲೆಯ ಹಿಂಬದಿಯ ಹಳೆಯ ಕೊಠಡಿಯನ್ನು ವಾಚನಾಲಯಕ್ಕೆ ಬಿಟ್ಟುಕೊಟ್ಟಿದ್ದೇವೆ. ಗೋಡೆ ಗಟ್ಟಿಯಾಗಿದೆ, ಹೆಂಚು ಸೋರುತ್ತದೆ. ಮೊದಲು ಸೂರು ಸರಿಯಾಗಬೇಕು. ಆಮೇಲೆ ಕಪಾಟು, ಉದ್ದನೆಯ ಎರಡು ಮೇಜು, ದೀಪ, ಫ್ಯಾನು. ಪುಸ್ತಕದ ವಿಚಾರದಲ್ಲಿ ಒಂದು ಕೋರಿಕೆ: ಕೆಲವು ಹಿರಿಯ ವಕೀಲರು ತಮ್ಮ ಹಳೆಯ ಪುಸ್ತಕಗಳನ್ನು ಕಳುಹಿಸಿದ್ದಾರೆ, ಅವರಿಗೆ ನಾವು ಋಣಿಗಳು. ಆದರೆ 2024ರ ಜುಲೈ 1ರಿಂದ ಹಳೆಯ ಅಪರಾಧ ಕಾನೂನುಗಳ ಜಾಗದಲ್ಲಿ ಭಾರತೀಯ ನ್ಯಾಯ ಸಂಹಿತೆ, ನಾಗರಿಕ ಸುರಕ್ಷಾ ಸಂಹಿತೆ, ಸಾಕ್ಷ್ಯ ಅಧಿನಿಯಮ ಜಾರಿಗೆ ಬಂದಿರುವುದರಿಂದ ಹೊಸ ಪ್ರತಿಗಳು ತುರ್ತಾಗಿ ಬೇಕು. ಸಂವಿಧಾನದ ಕನ್ನಡ ಅವತರಣಿಕೆ ಮತ್ತು ಕನ್ನಡದ ಕಾನೂನು ಪದಕೋಶಗಳು ಎಷ್ಟಿದ್ದರೂ ಸಾಲವು.

ನೂರು ರೂಪಾಯಿಯಾದರೂ ಸರಿ, ಒಂದು ಕಪಾಟಿನ ಪೂರ್ತಿ ವೆಚ್ಚವಾದರೂ ಸರಿ, ಕೈಲಾದಷ್ಟು ಕೊಡಿ. ಪ್ರತಿ ದೇಣಿಗೆಗೂ ರಸೀದಿ ಕೊಡುತ್ತೇವೆ. ತಿಂಗಳ ಜಮಾ–ಖರ್ಚನ್ನು ಶಾಲೆಯ ಸೂಚನಾ ಫಲಕದಲ್ಲಿ ಹಾಕುತ್ತೇವೆ. ಹಣ ಕೊಡಲಾಗದ ವಕೀಲ ಮಿತ್ರರು ತಿಂಗಳಿಗೊಂದು ಭಾನುವಾರ ಬಂದು ಮಕ್ಕಳ ಜೊತೆ ಎರಡು ಗಂಟೆ ಕುಳಿತರೆ ಅದೂ ದೇಣಿಗೆಯೇ. ಮಳೆಗಾಲ ಹಿಡಿಯುವುದರೊಳಗೆ ಹೆಂಚು ಬದಲಿಸಬೇಕಾಗಿದೆ. ಶಾಲೆಯ ಕಚೇರಿ ಬೆಳಗ್ಗೆ ಹತ್ತರಿಂದ ಸಂಜೆ ಐದರವರೆಗೆ ತೆರೆದಿರುತ್ತದೆ. ಬನ್ನಿ, ಕೊಠಡಿಯನ್ನು ಒಮ್ಮೆ ನೋಡಿಯೇ ಕೊಡಿ.

ಇತಿ,
ಟ್ರಸ್ಟಿನ ಪರವಾಗಿ, ಕಾರ್ಯದರ್ಶಿ