ಗೂಢಲಿಪಿಯ ಥೀಸಿಸ್ಸನ್ನು ಗೂಢಲಿಪಿ ಬಲ್ಲವರಿಗೇ ಕಳಿಸಿ: ಉನ್ನತ ಶಿಕ್ಷಣ ಸಚಿವರಿಗೊಂದು ಬಹಿರಂಗ ಪತ್ರ

ಮಾನ್ಯ ಉನ್ನತ ಶಿಕ್ಷಣ ಸಚಿವರಿಗೆ, ಕಾರವಾರದಿಂದ ನಮಸ್ಕಾರಗಳು.

ನಾನು ಇಲ್ಲಿನ ಪದವಿ ಕಾಲೇಜೊಂದರಲ್ಲಿ ಗಣಿತದ ಅತಿಥಿ ಉಪನ್ಯಾಸಕಿ. ಪಿಎಚ್‌ಡಿ ಮಾಡಿದ್ದು ಗೂಢಲಿಪಿ ಶಾಸ್ತ್ರದಲ್ಲಿ, ಅಂದರೆ ಸಂದೇಶವನ್ನು ಬೇರೆಯವರು ಓದದಂತೆ ಕಾಯುವ ಗಣಿತ, ಕ್ರಿಪ್ಟಾಲಜಿಯಲ್ಲಿ. ಥೀಸಿಸ್ ಕೊಟ್ಟಾಯಿತು, ಶುಲ್ಕ ಕಟ್ಟಾಯಿತು. ಕೊಟ್ಟ ಆರು ತಿಂಗಳೊಳಗೆ ವೈವಾ ಸಮೇತ ಎಲ್ಲ ಮುಗಿಯಬೇಕು ಅನ್ನುವ ಯುಜಿಸಿಯ 2022ರ ನಿಯಮ ತಮಗೆ ಗೊತ್ತೇ ಇದೆ. ಇಲ್ಲಿ ಮಳೆಗಾಲದ ಮೇಲೆ ಮಳೆಗಾಲ ಕಳೆಯುತ್ತಿದೆ.

ನನ್ನ ಗೈಡ್ ನಿವೃತ್ತರಾಗುವ ಮೊದಲು ಪರೀಕ್ಷಕರ ಪಟ್ಟಿ ಕೊಟ್ಟಿದ್ದರು. ಎಲ್ಲರೂ ಈ ವಿಷಯದಲ್ಲೇ ಕೆಲಸ ಮಾಡುವವರು. ಆ ಪಟ್ಟಿ ಫೈಲಿನಲ್ಲಿ ಸಿಗಲಿಲ್ಲವಂತೆ. ಥೀಸಿಸ್ ಹೋಗಿದ್ದು ದ್ರವಚಲನಶಾಸ್ತ್ರದ ಪ್ರಾಧ್ಯಾಪಕರೊಬ್ಬರಿಗೆ. 'ಇದು ನನ್ನ ಕ್ಷೇತ್ರವಲ್ಲ' ಎಂದು ಅವರು ವಾಪಸ್ ಕಳಿಸಿದರು. ಅವರ ಮೇಲೆ ನನಗೆ ಬೇಸರವಿಲ್ಲ. ಮತ್ತೆ ಕಳಿಸಿದ್ದು ಯಾರಿಗೆ? ಇನ್ನೊಬ್ಬ ದ್ರವಚಲನಶಾಸ್ತ್ರದವರಿಗೆ! ಅಲ್ಲಿಂದಲೂ ಅದೇ ಉತ್ತರ.

ಕಾಲೇಜಿಗೆ ರಜೆ ಹಾಕಿ, ಸಂಬಳ ಬಿಟ್ಟು, ಘಟ್ಟ ಹತ್ತಿ ವಿಶ್ವವಿದ್ಯಾಲಯಕ್ಕೇ ಹೋಗಿ ವಿಚಾರಿಸಿದೆ. ವಾಪಸ್ ಬಂದ ಪ್ರತಿ ಬೀರುವಿನ ಕೆಳಗಿನ ಖಾನೆಯಲ್ಲಿತ್ತು. ಅಂಚೆಯ ಕವರನ್ನೂ ಒಡೆದಿರಲಿಲ್ಲ. ಒಂದು ಮೂಲೆಗೆ ಗೆದ್ದಲ ಮಣ್ಣು ಹತ್ತಿತ್ತು. ಅಧಿಕಾರಿ ಹೇಳಿದ್ದು ಇಷ್ಟು: "ಎಲ್ಲಾ ಗಣಿತಾನೇ ಅಲ್ವಾ ಮೇಡಂ? ಆ ಗೂಢಲಿಪಿ ಅಧ್ಯಾಯಗಳನ್ನ ತೆಗೆದು, ನಂಬರ್ ಥಿಯರಿ ಅಂತ ಹೆಸರು ಬದಲಿಸಿ ಕೊಡಿ. ಬೇಗ ಆಗತ್ತೆ."

ಸಚಿವರೇ, ಆ ಅಧ್ಯಾಯಗಳೇ ನನ್ನ ಥೀಸಿಸ್. ಇವತ್ತು ಬ್ಯಾಂಕಿನ ವ್ಯವಹಾರ, ಸರ್ಕಾರದ ಡಿಜಿಟಲ್ ಸಹಿಗೆಲ್ಲ ಕಾವಲಿರುವುದು ಹೆಚ್ಚಾಗಿ ಆರ್‌ಎಸ್‌ಎ ಥರದ ಹಳೆಯ ವಿಧಾನಗಳು. ದೊಡ್ಡ ಕ್ವಾಂಟಂ ಕಂಪ್ಯೂಟರ್ ಬಂದರೆ ಅವು ಮುರಿಯುತ್ತವೆ ಎಂದು 1994ರಲ್ಲೇ ಪೀಟರ್ ಶೋರ್ ತೋರಿಸಿದರು. ಇವತ್ತು ಕದ್ದಿಟ್ಟುಕೊಂಡ ಸಂದೇಶವನ್ನು ಅವತ್ತು ಓದಬಹುದು. ನನ್ನ ಕೆಲಸ ಆ ಹಳೆಯ ವಿಧಾನಗಳಿಗೆ ಬದಲಿಯಾಗಿ ಬಂದಿರುವ ಲ್ಯಾಟಿಸ್ ವಿಧಾನಗಳ ಮೇಲೆ. ಅದರ ತಿರುಳನ್ನು ಹೀಗೆ ಹೇಳಬಹುದು. ಏಕಕಾಲಿಕ ಸಮೀಕರಣಗಳನ್ನು ನಮ್ಮ ಬಿಎಸ್ಸಿ ಮಕ್ಕಳು ಸಲೀಸಾಗಿ ಬಿಡಿಸುತ್ತಾರೆ. ಪ್ರತಿ ಸಮೀಕರಣದಲ್ಲೂ ಬೇಕೆಂದೇ ಒಂದು ಸಣ್ಣ ತಪ್ಪು ಬೆರೆಸಿ, ಅವ್ಯಕ್ತಗಳನ್ನು ನೂರಾರು ಮಾಡಿ ನೋಡಿ. ಕ್ವಾಂಟಂ ಕಂಪ್ಯೂಟರಿನಲ್ಲೂ ಅದನ್ನು ಬೇಗ ಬಿಡಿಸುವ ದಾರಿ ಇದುವರೆಗೆ ಯಾರಿಗೂ ಸಿಕ್ಕಿಲ್ಲ. 2005ರಲ್ಲಿ ಓಡೆಡ್ ರೆಗೆವ್ ಇದರ ಮೇಲೆ ಗೂಢಲಿಪಿ ಕಟ್ಟಿದರು.

ಇಲ್ಲಿ ತಡವಾದರೆ ಕೆಲಸವೇ ಹಳೆಯದಾಗುತ್ತದೆ. ಹೊಸ ಗೂಢಲಿಪಿ ವಿಧಾನಗಳನ್ನು ಆರಿಸಲು ಅಮೆರಿಕದ ಮಾನದಂಡ ಸಂಸ್ಥೆ ನಿಸ್ಟ್ ನಡೆಸಿದ ಆಯ್ಕೆಯ ನಾಲ್ಕನೇ ಸುತ್ತಿಗೆ ಬಂದಿದ್ದ ಸೈಕ್ ಎಂಬ ವಿಧಾನದ ಒಂದು ಆವೃತ್ತಿಯನ್ನು 2022ರಲ್ಲಿ ಇಬ್ಬರು ಸಂಶೋಧಕರು ಸುಮಾರು ಒಂದೇ ಗಂಟೆಯ ಲೆಕ್ಕದಲ್ಲಿ ಮುರಿದರು. ನಾನು ಥೀಸಿಸ್ ಕೊಟ್ಟಾಗ ನಿಸ್ಟ್‌ನ ಹೊಸ ಮಾನದಂಡಗಳು ಇನ್ನೂ ಕರಡು. 2024ರ ಆಗಸ್ಟಿನಲ್ಲಿ ಅವು ಅಂತಿಮವಾದವು. ನನ್ನ ಪ್ರತಿ ಬೀರುವಿನಲ್ಲೇ ಇದೆ.

ಪರೀಕ್ಷಕರು ಸಿಗುವುದಿಲ್ಲ ಅನ್ನಬೇಡಿ. ಕೋಲ್ಕತ್ತದ ಭಾರತೀಯ ಸಾಂಖ್ಯಿಕ ಸಂಸ್ಥೆಯಲ್ಲಿ ಇದಕ್ಕೆಂದೇ ಆರ್. ಸಿ. ಬೋಸ್ ಕೇಂದ್ರವಿದೆ. ಬೆಂಗಳೂರಿನ ಐಐಎಸ್‌ಸಿಯಲ್ಲಿ ಇದ್ದಾರೆ, ಐಐಟಿಗಳಲ್ಲಿ ಇದ್ದಾರೆ. ಒಂದು ಇಮೇಲ್ ಸಾಕು. ದೇಶ 2023ರಲ್ಲಿ ಕ್ವಾಂಟಂ ಮಿಷನ್‌ಗೆ 6,003.65 ಕೋಟಿ ರೂಪಾಯಿ ತೆಗೆದಿಟ್ಟಿತು. ಒಂದು ಥೀಸಿಸ್ ಓದಿಸುವುದು ಅಷ್ಟು ಕಷ್ಟವಾ?

ಪಿಎಚ್‌ಡಿ ಇಲ್ಲದೆ ಪ್ರತಿ ವರ್ಷ ಅತಿಥಿ ಉಪನ್ಯಾಸಕರ ಆಯ್ಕೆಯ ಕೌನ್ಸೆಲಿಂಗ್‌ನಲ್ಲಿ ನಾನು ಹಿಂದೆ ಬೀಳುತ್ತೇನೆ. ನನಗಿಂತ ಚಿಕ್ಕವರು ಮುಂದೆ ಹೋಗುತ್ತಾರೆ, ಹೋಗಲಿ. ಆದರೆ ಅಂಕೋಲಾ ಕಡೆಯಿಂದ ಬರುವ ಒಬ್ಬಳು ವಿದ್ಯಾರ್ಥಿನಿ ಇದೇ ವಿಷಯ ಓದಬೇಕು ಅಂತಿದ್ದಾಳೆ. ನೌಕಾನೆಲೆ ಇರುವ, ಕೈಗಾ ಇರುವ ಜಿಲ್ಲೆ ಇದು. ರಹಸ್ಯ ಕಾಯುವ ಗಣಿತ ಇಲ್ಲಿಯ ಮಕ್ಕಳಿಗೆ ಬೇಡವಾ? ಅವಳಿಗೆ 'ಓದು' ಅನ್ನಲು ನನಗೆ ಬಾಯಿ ಬರುತ್ತಿಲ್ಲ.

ನನಗೆ ರಿಯಾಯಿತಿ ಬೇಡ. ಥೀಸಿಸ್ ಚೆನ್ನಾಗಿಲ್ಲದಿದ್ದರೆ ಫೇಲ್ ಮಾಡಲಿ. ಆದರೆ ವಿಷಯ ಬಲ್ಲವರು ಓದಿ ಫೇಲ್ ಮಾಡಲಿ. ಹೆಸರು ಬದಲಿಸುವುದಿಲ್ಲ, ಅಧ್ಯಾಯ ತೆಗೆಯುವುದಿಲ್ಲ. ನಮ್ಮ ಗೈಡ್ ಕೊಟ್ಟ ಪಟ್ಟಿಯ ಪ್ರತಿ ನನ್ನ ಹತ್ತಿರ ಇದೆ, ತಮ್ಮ ಕಚೇರಿಗೂ ಕಳಿಸಿದ್ದೇನೆ. ಅದರಲ್ಲಿರುವವರಿಗೆ ಥೀಸಿಸ್ ಕಳಿಸಲು ವಿಶ್ವವಿದ್ಯಾಲಯಕ್ಕೆ ಈ ವಾರವೇ ಹೇಳಿ.

ಇಂತಿ,
ಗಣಿತದ ಅತಿಥಿ ಉಪನ್ಯಾಸಕಿ, ಕಾರವಾರ