ಕೈಗಾ 5, 6: ಒಟ್ಟು ಮೆಗಾವಾಟ್ ಸ್ಥಿರವಾಗಿದ್ದರೆ ಸಾಲದು

ಮಾನ್ಯರೇ,

ಕೈಗಾ ಅಣು ವಿದ್ಯುತ್ ಸ್ಥಾವರದ 5 ಮತ್ತು 6ನೇ ಘಟಕಗಳ ಚರ್ಚೆಯಲ್ಲಿ 220ರ ಬದಲು 700 ಮೆಗಾವಾಟ್ ಎಂಬ ಲೆಕ್ಕವೇ ಮುಂದು. ರಿಯಾಕ್ಟರ್ ದೊಡ್ಡದಾದರೆ ಅದನ್ನು ಹಿಡಿತದಲ್ಲಿಡುವ ಬಗೆಯೂ ಬದಲಾಗುತ್ತದೆ ಎಂಬುದು ಯಾರ ಗಮನಕ್ಕೂ ಬಂದಂತಿಲ್ಲ.

ಈಗಿನ ಒಂದೊಂದು ಘಟಕದಲ್ಲಿ 306 ಇಂಧನ ಚಾನೆಲ್‌ಗಳಿವೆ, ಹೊಸದರಲ್ಲಿ 392. ಚಾನೆಲ್ ಎಂದರೆ ಇಂಧನ ಕೂಡಿಸುವ ಕೊಳವೆ; ಅವೆಲ್ಲ ಸೇರಿದ ಒಳಭಾಗವೇ ಕೋರ್. ಅಷ್ಟು ಅಗಲದ ಕೋರ್‌ನಲ್ಲಿ ಒಂದು ಬದಿಯ ಏರಿಳಿತ ಇನ್ನೊಂದು ಬದಿಗೆ ಬಿಗಿಯಾಗಿ ತಟ್ಟುವುದಿಲ್ಲ. ಎಡಬದಿಯಲ್ಲಿ, ಪರಮಾಣು ಒಡೆದು ಶಕ್ತಿ ಹೊರಡಿಸುವ ಕಣವಾದ ನ್ಯೂಟ್ರಾನ್ ತುಸು ಹೆಚ್ಚಿತೆನ್ನಿ. ನ್ಯೂಟ್ರಾನ್ ನುಂಗುವ ಜೆನಾನ್-135 ಅಲ್ಲಿ ಬೇಗ ಕಡಿಮೆಯಾಗಿ ಶಕ್ತಿ ಇನ್ನೂ ಏರುತ್ತದೆ. ಜೊತೆಗೆ ಅಯೋಡಿನ್-135 ಹೆಚ್ಚು ಹುಟ್ಟುತ್ತದೆ. ಅದರ ಅರ್ಧಾಯುಷ್ಯ 6.6 ಗಂಟೆ. ಅದು ಜೆನಾನ್ ಆದಾಗ ಎಡ ಕುಸಿದು ಬಲ ಏರುತ್ತದೆ. ಹೆಚ್ಚುಕಡಿಮೆ ಒಂದು ದಿನ ಹಿಡಿಯುವ ಈ ತೂಗಾಟದುದ್ದಕ್ಕೂ ಒಟ್ಟು ಶಕ್ತಿ ಶೇ 100 ಎಂದೇ ತೋರಬಹುದು, ಒಂದು ಬದಿಯ ಇಂಧನ ಮಾತ್ರ ಮಿತಿಮೀರಿ ಕಾದಿರುತ್ತದೆ.

ತಾರಾಪುರದ 540 ಮೆಗಾವಾಟ್ ಘಟಕಗಳಲ್ಲಿ ಇದಕ್ಕೆಂದೇ ಕೋರ್‌ನೊಳಗೆ ವಲಯಕ್ಕೊಂದರಂತೆ 14 ನೀರಿನ ಕೋಣೆಗಳಿವೆ. 700 ಮೆಗಾವಾಟಿನದೂ ಅದೇ ದಾರಿ. ಸಾದಾ ನೀರು ನ್ಯೂಟ್ರಾನ್ ಹೀರುವುದರಿಂದ, ಕೋಣೆಯಲ್ಲಿ ಅದು ಏರಿದರೆ ಆ ವಲಯದ ಶಕ್ತಿ ಇಳಿಯುತ್ತದೆ. ಒಟ್ಟು ಶಕ್ತಿ ತಿದ್ದಲು ಎಲ್ಲ ಕೋಣೆಗಳ ಮಟ್ಟ ಒಟ್ಟಿಗೆ ಬದಲಾಗಬೇಕು, ಒಂದು ಬದಿಗೆ ವಾಲಿದ ಓರೆ ತಿದ್ದಲು ವಲಯಕ್ಕೊಂದರಂತೆ. ಯಂತ್ರಗಳನ್ನು ತಾನೇ ತಾನಾಗಿ ಹಿಡಿತದಲ್ಲಿಡುವ ಶಾಸ್ತ್ರವಾದ ಕಂಟ್ರೋಲ್ ಥಿಯರಿಗೆ ಇದು ಕಠಿಣ ಪರೀಕ್ಷೆ: ನ್ಯೂಟ್ರಾನ್ ಕ್ಷಣಾರ್ಧದಲ್ಲಿ ಬದಲಾಗುತ್ತದೆ, ಜೆನಾನ್ ಗಂಟೆಗಟ್ಟಲೆ ತೆಗೆದುಕೊಳ್ಳುತ್ತದೆ, ಅದನ್ನು ನೇರವಾಗಿ ಅಳೆಯುವುದೂ ಆಗದು. ಹಾಗಾಗಿ ಸಮೀಕರಣಗಳನ್ನು ವೇಗದ್ದು, ನಿಧಾನದ್ದು ಎಂದು ಬಿಡಿಸಿ, ಅಳೆಯಬಹುದಾದ ಶಕ್ತಿಯಿಂದಲೇ ಜೆನಾನ್ ಪ್ರಮಾಣ ಅಂದಾಜಿಸಬೇಕಾಗುತ್ತದೆ.

ಎಡವುವುದು ಹೆಚ್ಚಾಗಿ ಕೋರ್ ಒಳಗೆ ನ್ಯೂಟ್ರಾನ್ ಅಳೆಯುವ ಸೆನ್ಸರ್‌ನಲ್ಲಿ. ಕೋಬಾಲ್ಟ್ ಸೆನ್ಸರ್ ತಕ್ಷಣ ಸ್ಪಂದಿಸುತ್ತದೆ, ಆದರೆ ವರ್ಷ ಕಳೆದಂತೆ ಅದರಲ್ಲೇ ಹುಟ್ಟುವ ವಿಕಿರಣಶೀಲ ಕೋಬಾಲ್ಟ್-60 ತುಂಬಿ ಅದರ ಅಳತೆ ತಪ್ಪತೊಡಗುತ್ತದೆ. ವನೇಡಿಯಂ ಸೆನ್ಸರ್ ನಂಬಿಕಸ್ಥ, ಆದರೆ ಕೆಲವು ನಿಮಿಷ ತಡ. ಆದ್ದರಿಂದ ಮೊದಲನೆಯದನ್ನು ಎರಡನೆಯದರೊಂದಿಗೆ ಸತತವಾಗಿ ತಾಳೆ ನೋಡುತ್ತಿರಬೇಕು. ತಾಳೆ ತಪ್ಪಿ ಒಂದು ವಲಯ ಕಡಿಮೆ ತೋರಿಸಿದರೆ ಕಂಟ್ರೋಲರ್ ಅಲ್ಲಿನ ನೀರು ಇಳಿಸುತ್ತದೆ, ನಿಜವಾದ ಶಕ್ತಿ ಏರುತ್ತದೆ, ಪರದೆಯಲ್ಲಿ ಎಲ್ಲವೂ ಸರಿಯಾಗಿಯೇ ಕಾಣುತ್ತದೆ! ಕೋಣೆ ಪೂರ್ತಿ ತುಂಬಿದರೂ ಬರಿದಾದರೂ ತಿದ್ದಲು ಜಾಗವೇ ಉಳಿಯದು. ರಿಯಾಕ್ಟರ್ ಓಡುತ್ತಿರುವಾಗಲೇ ಹೊಸ ಇಂಧನ ತುಂಬುವಾಗ ಯಾವ ಚಾನೆಲ್ ಎಂಬ ಆಯ್ಕೆ ತಪ್ಪಿದರೆ ಇಂಥ ಪರಿಸ್ಥಿತಿ ಬರುತ್ತದೆ.

ಕೆಟ್ಟ ಸೆನ್ಸರನ್ನು ಹೇಗೆ ಪತ್ತೆಹಚ್ಚುತ್ತಾರೆ, ಕೋಣೆಯ ಮಟ್ಟ ಮಿತಿ ಮುಟ್ಟಿದರೆ ಶಕ್ತಿಯನ್ನು ಎಷ್ಟಕ್ಕೆ ಇಳಿಸುತ್ತಾರೆ? ಹೊಸ ಘಟಕಗಳು ಚಾಲೂ ಆಗುವ ಮೊದಲೇ ಉತ್ತರ ಕನ್ನಡದ ಜನರಿಗೆ ಇದನ್ನು ಕನ್ನಡದಲ್ಲಿ ವಿವರಿಸಬೇಕು.

– ಒಬ್ಬ ಕಂಟ್ರೋಲ್ ಎಂಜಿನಿಯರ್, ಕಾರವಾರ