ಮಗಳಿಗೊಂದು ಪತ್ರ: ಓಜು ಕ್ಯಾಮೆರಾ ಇಟ್ಟ ಎತ್ತರ

ಪುಟ್ಟಿ,

ಜಪಾನಿನ ಚಿತ್ರನಿರ್ದೇಶಕ ಓಜು ಥರದ ಮನೆಯ ದೃಶ್ಯ ತೆಗೆಯಲು ಕ್ಯಾಮೆರಾ ನೆಲದ ಹತ್ತಿರ ಇಳಿಸಿದರೆ ಸಾಕಾ ಎಂದು ಕೇಳಿದ್ದೀಯ. ಸಾಲದು. ಎಡವುವವರೆಲ್ಲ ಎಡವುವುದು ಅಲ್ಲೇ.

ಯಾಸುಜಿರೊ ಓಜು 1923ರಲ್ಲಿ ಶೋಚಿಕು ಸಂಸ್ಥೆಯ ಕಾಮಾತಾ ಸ್ಟುಡಿಯೋ ಸೇರಿದ್ದು ಕ್ಯಾಮೆರಾ ಸಹಾಯಕನಾಗಿ. 1927ರಲ್ಲಿ ನಿರ್ದೇಶಿಸಿದ ಮೊದಲ ಚಿತ್ರ. ಆಗಿನ ಮೂಕಿಚಿತ್ರಗಳಲ್ಲಿ ಅವರ ಕ್ಯಾಮೆರಾ ಚೆನ್ನಾಗಿಯೇ ಓಡಾಡುತ್ತಿತ್ತು. ಫೇಡ್ (ದೃಶ್ಯ ಕಪ್ಪಾಗಿ ಮಾಯವಾಗುವುದು), ಡಿಸಾಲ್ವ್ (ಒಂದು ದೃಶ್ಯ ಇನ್ನೊಂದರಲ್ಲಿ ಕರಗುವುದು), ಟ್ರ್ಯಾಕಿಂಗ್ (ಕ್ಯಾಮೆರಾವನ್ನೇ ಸರಿಸುತ್ತಾ ತೆಗೆಯುವುದು) ಎಲ್ಲವನ್ನೂ ಬಲ್ಲವರು ಒಂದೊಂದಾಗಿ ಬಿಡುತ್ತಾ ಬಂದರು. 1958ರಲ್ಲಿ ಬಣ್ಣಕ್ಕೆ ಬಂದ ಮೇಲಂತೂ ಕ್ಯಾಮೆರಾ ಅಲುಗುವುದೇ ಇಲ್ಲ. ಹಾಗೆ ಬಿಟ್ಟಮೇಲೂ ಚಿತ್ರ ನಿಲ್ಲಬೇಕಾದರೆ ಉಳಿದದ್ದೆಲ್ಲ ಕರಾರುವಾಕ್ಕಾಗಿರಬೇಕು.

ಮೊದಲು ಲೆನ್ಸ್. ಅವರದು 50 ಎಂಎಂ. ಆದರೆ ಅದು 35 ಎಂಎಂ ಸಿನಿಮಾ ಫಿಲ್ಮಿನ ಲೆಕ್ಕ. ನಿನ್ನ ಕ್ಯಾಮೆರಾ ಎಪಿಎಸ್‌-ಸಿ (ಚಿಕ್ಕ ಸೆನ್ಸರಿನದು) ಆದರೆ 50 ಸರಿ. ಫುಲ್ ಫ್ರೇಮ್ (ದೊಡ್ಡ ಸೆನ್ಸರಿನದು) ಆದರೆ 75ರಿಂದ 85 ಬೇಕು. ವೈಡ್ ಲೆನ್ಸ್ ಹಾಕಿ ಕೆಳಗಿಟ್ಟರೆ ಮುಂದಿರುವ ಮೊಣಕಾಲು ದಪ್ಪಗೆ, ಹಿಂದಿರುವ ಮುಖ ಸಣ್ಣಗೆ ಕಾಣುತ್ತದೆ. 50ರಲ್ಲಿ ಐದು ಮೀಟರ್ ದೂರ ನಿಂತರೂ ಸಿಗುವುದು ಎರಡೂಕಾಲು ಮೀಟರ್ ಅಗಲ ಅಷ್ಟೇ. ಕೋಣೆ ಸಾಲದೇ ಹೋದರೆ ಪಕ್ಕದ ಕೋಣೆಯಿಂದ ಬಾಗಿಲ ಮೂಲಕ ತೆಗೆ. ಬಾಗಿಲ ಚೌಕಟ್ಟು ಫ್ರೇಮಿನೊಳಗೆ ಬಂದರೆ ಒಳ್ಳೆಯದೇ, ಓಜು ಚಿತ್ರಗಳಲ್ಲಿ ಅದು ಇದ್ದೇ ಇರುತ್ತದೆ.

ಎತ್ತರಕ್ಕೆ ಒಂದೇ ಅಳತೆ ಇಲ್ಲ. ಕೂತವರಿಗೆ ತಗ್ಗು, ನಿಂತವರಿಗೆ ಇನ್ನಷ್ಟು ಮೇಲೆ. ಯಾವಾಗಲೂ ಅವರ ಕಣ್ಣಿಗಿಂತ ಕೆಳಗೆ. ಲೆನ್ಸಿನ ಮುಖವನ್ನು ಮೇಲಕ್ಕೆ ಹೆಚ್ಚು ವಾಲಿಸಿದರೆ ಕಂಬ, ಗೋಡೆ ಎಲ್ಲ ಒಳಗೆ ವಾಲುತ್ತವೆ. ಸ್ಪಿರಿಟ್ ಲೆವೆಲ್ ಇಟ್ಟು ನೋಡಿಕೋ.

ಮಾತಾಡುವ ಇಬ್ಬರ ನಡುವೆ ಒಂದು ಗೆರೆ ಊಹಿಸಿಕೊಂಡು ಕ್ಯಾಮೆರಾ ಅದರ ಒಂದೇ ಬದಿಯಲ್ಲಿರಬೇಕು ಎನ್ನುತ್ತಾರೆ. ಮಾತುಕತೆಯಲ್ಲಿ ಓಜು ಈ 180 ಡಿಗ್ರಿ ಗೆರೆಯನ್ನು ಲೆಕ್ಕಿಸುವುದಿಲ್ಲ. ಆದರೂ ಕಣ್ಣಿಗೆ ಚುಚ್ಚುವುದಿಲ್ಲ, ಯಾಕೆಂದರೆ ಇಬ್ಬರೂ ಒಂದೇ ಗಾತ್ರ, ಒಂದೇ ಎತ್ತರ, ಫ್ರೇಮಿನ ಒಂದೇ ಜಾಗ. ಇಬ್ಬರ ನೋಟವೂ ಲೆನ್ಸಿನ ಪಕ್ಕಕ್ಕೇ. ನೀನು ಗೆರೆ ದಾಟಿ ಗಾತ್ರವನ್ನೂ ಬದಲಿಸಿದರೆ ಇಬ್ಬರೂ ಗೋಡೆಯ ಜೊತೆ ಮಾತಾಡಿದಂತಾಗುತ್ತದೆ. ಪಾತ್ರೆ, ಲೋಟಗಳನ್ನು ಮಾತ್ರ ಅವರು ಶಾಟ್‌ನಿಂದ ಶಾಟ್‌ಗೆ ಧಾರಾಳವಾಗಿ ಸರಿಸುತ್ತಿದ್ದರು. ಅವರಿಗೆ ಕಂಟಿನ್ಯುಯಿಟಿಗಿಂತ (ವಸ್ತುಗಳು ಎಲ್ಲ ಶಾಟ್‌ಗಳಲ್ಲೂ ಅದೇ ಜಾಗದಲ್ಲಿರುವುದಕ್ಕಿಂತ) ಫ್ರೇಮ್ ಮುಖ್ಯ.

1949ರ ‘ಲೇಟ್ ಸ್ಪ್ರಿಂಗ್’ನ ಕೊನೆಯನ್ನು ಇನ್ನೊಮ್ಮೆ ನೋಡು. ಮಗಳ ಮದುವೆ ಮುಗಿಸಿ ಬಂದ ಅಪ್ಪ ಒಬ್ಬನೇ ಕೂತು ಸೇಬು ಸುಲಿಯುತ್ತಾನೆ. ಸಿಪ್ಪೆ ಉದ್ದಕ್ಕೆ ಇಳಿದು, ಕಡಿದು ಬೀಳುತ್ತದೆ. ಕೈ ನಿಲ್ಲುತ್ತದೆ, ತಲೆ ಬಾಗುತ್ತದೆ. ಇಲ್ಲಿ ಗೋಳಾಡಿ ಅಳಬೇಕು ಎಂದು ಓಜು ಕೇಳಿದ್ದರು. ನಟ ಚಿಶು ರ್ಯೂ ತನ್ನಿಂದಾಗದು ಎಂದರು. ಓಜು ಒತ್ತಾಯ ಮಾಡಲಿಲ್ಲ. ಆ ಬಾಗಿದ ತಲೆಯೇ ಸಾಕಾಯಿತು. ನಿನ್ನ ನಟರಿಗೂ ಹಾಗೆ ಕೈಗೊಂದು ಕೆಲಸ ಕೊಡು.

ಶೂಟಿಂಗ್‌ಗೆ ಮುಂಚೆ ಕೋಣೆಯ ಉದ್ದ, ಬಾಗಿಲ ಅಗಲ ಅಳೆದು ಕಳಿಸು. ಎಲ್ಲಿ ನಿಲ್ಲಬೇಕೆಂದು ಇಬ್ಬರೂ ಕೂತು ಲೆಕ್ಕ ಹಾಕೋಣ.

ಪ್ರೀತಿಯ
ಅಪ್ಪ